ಬೆಳ್ಳಿ ರಾಣಿಯ ಕೊನೆಯ ಮಾತು

ಭಾನುವಾರ, ಇಳಿಹೊತ್ತು

ಅಕ್ಕಾ,

ಮೇಲೆ "ಪ್ರೀತಿಯ" ಎಂದು ಬರೆದು ಹೊಡೆದುಹಾಕಿದ್ದೇನೆ, ಬೆಳಕಿಗೆ ಹಿಡಿದರೆ ಕಾಣುತ್ತದೆ. ಪ್ರೀತಿ ಇಲ್ಲ ಎಂದಲ್ಲ. ಇಷ್ಟು ಕಾಲದ ಮೇಲೆ ಒಮ್ಮೆಲೇ ಹಾಗೆ ಬರೆದರೆ ನೀನು ನಗುತ್ತೀಯ ಎಂದು. ಇದು ಕ್ಷೇಮ ಸಮಾಚಾರದ ಪತ್ರವೂ ಅಲ್ಲ. ಕೆಲಸದ ವಿಷಯಕ್ಕೆ ಬರೆಯುತ್ತಿದ್ದೇನೆ, ಬರೀ ಕೆಲಸದ ವಿಷಯಕ್ಕೆ. ನನ್ನದೊಂದು ಪ್ರಶ್ನೆ ಇದೆ, ಅದಕ್ಕೆ ಉತ್ತರ ಗೊತ್ತಿರುವವಳು ಈ ಭೂಮಿಯ ಮೇಲೆ ನೀನೊಬ್ಬಳೇ. ಫೋನ್ ಮಾಡಬಹುದಿತ್ತು. ಆದರೆ ನಮ್ಮ ಫೋನಿನ ಚಂದ ನಿನಗೇ ಗೊತ್ತಲ್ಲ. "ಊಟ ಆಯ್ತಾ", "ಆಯ್ತು", "ಸರಿ ಹಾಗಾದ್ರೆ", ಅಲ್ಲಿಗೆ ಮುಗಿಯಿತು. ಅಪ್ಪ ಇದ್ದಾಗ ನಿನ್ನ ಮಾತನ್ನು ನನಗೂ ನನ್ನ ಮಾತನ್ನು ನಿನಗೂ ದಾಟಿಸುತ್ತಿದ್ದರು. ಈಗ ಅವರೂ ಇಲ್ಲ.

ಪ್ರಶ್ನೆ ಇಷ್ಟೇ. ಕೊನೆಯ ಕಂತಿನಲ್ಲಿ ಬೆಳ್ಳಿ ರಾಣಿ ಏನು ಹೇಳಿದಳು?

ನಗಬೇಡ. ಮೊದಲಿನಿಂದ ಹೇಳುತ್ತೇನೆ.

ನಾನು ಕೆಲಸ ಮಾಡುವ ಜಾಗವನ್ನು ನೀನು ನೋಡಿಲ್ಲ. ಹಳೆಯ ಫಿಲಂ ಸುರುಳಿಗಳನ್ನು ಬಿಡಿಸಿ, ಒರೆಸಿ, ಹರಿದದ್ದನ್ನು ಅಂಟಿಸಿ ಮತ್ತೆ ಓಡುವ ಹಾಗೆ ಮಾಡುವ ಜಾಗ ಅದು. ಬಾಗಿಲು ತೆಗೆದರೆ ಹುಳಿ ವಾಸನೆ ಮೂಗಿಗೆ ಬಡಿಯುತ್ತದೆ, ಫಿಲಂ ಹಳಸಿದಾಗ ಹಾಗೇ. ಉದ್ದನೆಯ ಮೇಜುಗಳ ಗಾಜಿನ ಕೆಳಗೆ ದೀಪ ಉರಿಯುತ್ತಿರುತ್ತದೆ. ಅದರ ಮೇಲೆ ಕಪ್ಪು-ಬಿಳುಪು ಚಿತ್ರಗಳ ನಾಯಕಿಯರು ಉಗುರಿನಷ್ಟು ಗಾತ್ರದಲ್ಲಿ ಸಾಲಾಗಿ ಮಲಗಿರುತ್ತಾರೆ. ಅಳುವವಳು ಬೆಳಿಗ್ಗೆಯಿಂದ ಸಂಜೆಯವರೆಗೆ ಅಳುತ್ತಲೇ ಇರುತ್ತಾಳೆ. ಮೆಟ್ಟಿಲು ಇಳಿಯುವವಳು ಎಂದೂ ಇಳಿದು ಮುಗಿಸುವುದಿಲ್ಲ. ನಾವು ಕೈಗವಸು ಹಾಕಿಕೊಂಡು ಅವರ ಮುಖದ ಮೇಲಿನ ಧೂಳು ಒರೆಸುತ್ತೇವೆ. ಅಪ್ಪ ಒಮ್ಮೆ ಬಂದು ಇದನ್ನೆಲ್ಲ ನೋಡಿ, "ನಾನು ಜೀವಮಾನವೆಲ್ಲ ಇವರನ್ನ ಓಡಿಸಿದೆ, ನೀನು ಕೂರಿಸಿ ಮಾತಾಡಿಸ್ತಿದ್ದೀಯಲ್ಲಮ್ಮ" ಎಂದಿದ್ದರು. ಥಿಯೇಟರಿನಲ್ಲಿ ಪ್ರೊಜೆಕ್ಟರ್ ಓಡಿಸಿದವರ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಸುರುಳಿ ಬಂದ ಕೂಡಲೇ ಚಿತ್ರ ಒಂದು ಕೋಣೆಗೆ, ಶಬ್ದ ಇನ್ನೊಂದು ಕೋಣೆಗೆ ಹೋಗುತ್ತದೆ. ಶಬ್ದದ ಕೋಣೆಯಲ್ಲಿ ಕೂರುವವರನ್ನು ನಾವೆಲ್ಲ ಕಿವಿಯಣ್ಣ ಎನ್ನುತ್ತೇವೆ. ಅವರು ಗರಗರ ಸದ್ದನ್ನು ಸೋಸಿ, ಒಳಗಿನ ಮಾತನ್ನು ಹೆಕ್ಕಿ ತೆಗೆದು, ಅರ್ಥ ಮಾಡಿಕೊಂಡು ನನಗೆ ಕಳಿಸುತ್ತಾರೆ. ನಾನು ಅದನ್ನು ಸಬ್‌ಟೈಟಲ್ ಆಗಿ ನಮ್ಮ ಭಾಷೆಯಲ್ಲಿ ಪರದೆಯ ಬುಡದಲ್ಲಿ ಬರೆಯುತ್ತೇನೆ. ಅವರಿಂದ ಮಾತು ಬರುವವರೆಗೆ ನನ್ನ ಮುಂದಿರುವುದು ಮೂಕ ಚಿತ್ರ. ಯಾರ ಬಾಯಿ ಯಾವಾಗ ತೆರೆಯಿತು, ಯಾವಾಗ ಮುಚ್ಚಿತು ಎಂದು ನೋಡಿ ಜಾಗ ಗುರುತು ಮಾಡಿಕೊಳ್ಳುವುದು ಮೊದಲ ಕೆಲಸ. ಸಾಲು ಎಷ್ಟುದ್ದ ಹಿಡಿಸುತ್ತದೆ ಎಂದು ತಿಳಿಯಲು ಆ ಜಾಗದಲ್ಲಿ ಸುಮ್ಮನೆ ಏನಾದರೂ ತುಂಬಿಸಿಡುತ್ತೇವೆ. ನನ್ನ ಪಕ್ಕದ ಮೇಜಿನವಳು ಮನೆಗೆ ತರಬೇಕಾದ ತರಕಾರಿಯ ಹೆಸರುಗಳನ್ನು ತುಂಬುತ್ತಾಳೆ. ರಾಜ ಸಿಂಹಾಸನದಿಂದ ಎದ್ದು ಗಂಭೀರವಾಗಿ "ಬೀನ್ಸ್, ಈರುಳ್ಳಿ" ಎನ್ನುತ್ತಾನೆ. ನಿಜವಾದ ಮಾತು ಬಂದ ಮೇಲೆ ಅದನ್ನು ಅಳಿಸಿ ಇದನ್ನು ಹಾಕುವುದು.

ಹೋದ ತಿಂಗಳು ಬೇರೆ ಭಾಷೆಯ ಒಂದು ಹಳೆಯ ಟಿವಿ ಧಾರಾವಾಹಿಯ ಡಬ್ಬಿಗಳು ಬಂದವು. ಯಾವುದೋ ಗೋದಾಮಿನಲ್ಲಿ ಇಷ್ಟು ವರ್ಷ ಮಲಗಿದ್ದವಂತೆ. ನಾನು ಆಕಳಿಸುತ್ತ ಮೊದಲ ಸುರುಳಿ ಹಾಕಿದೆ. ಕತ್ತಲೆ, ಆಮೇಲೆ ನಕ್ಷತ್ರಗಳು. ಅವುಗಳ ನಡುವಿನಿಂದ ಮಗುಚಿದ ಬಾಣಲೆಯೊಂದು ಓಲಾಡುತ್ತ ತೇಲಿ ಬಂತು. ಅಕ್ಕಾ, ಅದನ್ನು ತೂಗಿಬಿಟ್ಟ ದಾರ ಸಹ ಕಾಣುತ್ತಿತ್ತು. ನಾನು ಕುರ್ಚಿಯಿಂದ ಎದ್ದು ನಿಂತೇಬಿಟ್ಟೆ. ಬಾಣಲೆಯ ಬಾಗಿಲು ತೆರೆದು ಉದ್ದ ಮೂಗಿನ ಕಪ್ತಾನ ಇಳಿದ. ಅವನ ಹಿಂದೆ ತಗಡಿನ ಯಂತ್ರಮಾನವ ಕುಂಟುತ್ತ ಬಂದ. ಇಡೀ ಕೋಣೆಗೆ ಕೇಳುವಂತೆ "ಡಬ್ಬಣ್ಣಾ!" ಎಂದು ಕಿರುಚಿದೆ. ಎಲ್ಲರೂ ನನ್ನ ಕಡೆ ನೋಡಿದರು. ನನಗೆ ನಾಚಿಕೆಯೂ ಆಗಲಿಲ್ಲ.

ನಮ್ಮ ತಾರಸಿ ನೆನಪಿದೆಯಾ? ಟಿವಿಯನ್ನು ಅಪ್ಪ ಹೊಸ್ತಿಲು ದಾಟಿಸಲಿಲ್ಲ. ಥಿಯೇಟರಿನವನ ಮನೆಯಲ್ಲಿ ಟಿವಿ ಇಡುವುದೆಂದರೆ ಉಂಡ ಮನೆಗೆ ಎರಡು ಬಗೆದ ಹಾಗೆ ಎನ್ನುತ್ತಿದ್ದರು. ಅವರು ಸಂಜೆಯ ಆಟ ಓಡಿಸಲು ಹೋದ ಮೇಲೆ ಭಾನುವಾರ ನಾವಿಬ್ಬರೇ. ಓಣಿಯ ಆಚೆ ಹಲ್ಲಿನ ಡಾಕ್ಟರ ಮಹಡಿ. ಅವರ ಟಿವಿ ಕಿಟಕಿಗೆ ಮುಖ ಮಾಡಿ ಕೂತಿತ್ತು, ನಮಗೆಂದೇ ಇಟ್ಟ ಹಾಗೆ. ನಾವು ಒಗೆದ ಬಟ್ಟೆಗಳ ಸಾಲಿನ ಕೆಳಗೆ ಚಾಪೆ ಹಾಸಿಕೊಂಡು, ಮೋಟುಗೋಡೆಯ ಮೇಲೆ ಗಲ್ಲ ಊರಿ ಕೂರುತ್ತಿದ್ದೆವು. ಅವರ ಕಿಟಕಿಯ ಗಾಜು ಸದಾ ಮುಚ್ಚಿರುತ್ತಿತ್ತು. ಒಂದು ಸದ್ದೂ ಈಚೆ ಬರುತ್ತಿರಲಿಲ್ಲ. ನನಗೆ ಕೇಳಿಸುವುದಿಲ್ಲವೆಂದು ನಾನು ಅತ್ತರೆ ನೀನು, "ನಿನ್ನ ಕಿವಿ ಇನ್ನೂ ಬೆಳೀಬೇಕು ಕಣೇ ಗುಬ್ಬಿ. ನನಗೆ ಕೇಳಿಸುತ್ತೆ, ನಾನು ಹೇಳ್ತೀನಿ" ಎಂದೆ. ನನಗಿನ್ನೂ ಹಾಲುಹಲ್ಲು ಬೀಳುತ್ತಿದ್ದ ಕಾಲ. ನೀನು ಹೇಳಿದ್ದೇ ವೇದ. ಅಮ್ಮ ಊರಾಚೆ ಕೆಲಸಕ್ಕೆ ಹೋಗಿದ್ದಾಳೆ ಎಂದು ನೀವೆಲ್ಲ ಹೇಳಿದ್ದನ್ನು ನಂಬಿದ ಹಾಗೆ ಇದನ್ನೂ ನಂಬಿದೆ.

ಆ ಸಂಜೆಗಳ ಗಾಳಿ, ಬಟ್ಟೆಯ ಸೋಪಿನ ವಾಸನೆ, ಎದುರಿನ ಕಿಟಕಿಯಲ್ಲಿ ಮಿನುಗುವ ನೀಲಿ ಬೆಳಕು, ಕಿವಿಯ ಹತ್ತಿರ ನಿನ್ನ ಪಿಸುಮಾತು. ಈಗ ಕಣ್ಣು ಮುಚ್ಚಿದರೆ ಯಾವುದು ಟಿವಿ, ಯಾವುದು ಆಕಾಶ, ಯಾವುದು ನೀನು ಎಂದು ಬೇರೆ ಮಾಡಲು ಆಗುವುದಿಲ್ಲ. ನನ್ನ ಬಾಲ್ಯದಲ್ಲಿ ನಕ್ಷತ್ರಗಳಿಗೆಲ್ಲ ನಿನ್ನ ದನಿಯೇ ಇತ್ತು.

ಆದ್ದರಿಂದ ನಡೆದದ್ದು ನನ್ನ ತಪ್ಪಲ್ಲ, ಬೆರಳುಗಳ ತಪ್ಪು. ಜಾಗ ತುಂಬಿಸಲೆಂದು ಕೂತೆ. ಕಪ್ತಾನ ಬಾಯಿ ತೆರೆದ, ನನ್ನ ಬೆರಳು ತಾನಾಗಿ "ಬಾಗಿಲಿಗೆ ಬೀಗ ಹಾಕಿದೀನೋ ಇಲ್ವೋ" ಎಂದು ಒತ್ತಿತು. ಡಬ್ಬಣ್ಣ ದೀಪ ಮಿನುಗಿಸಿದ, "ನನಗೆ ಹಸಿವು" ಎಂದು ಬರೆದೆ. ಆಮೇಲೆ ಗಾಜಿನ ಗುಮ್ಮಟದೊಳಗೆ ಬೆಳ್ಳಿ ಬಟ್ಟೆಯ ರಾಣಿ ಕಾಣಿಸಿದಳು. ಹೊರಗಿನ ಗಾಳಿ ಅವಳಿಗೆ ಆಗದು, ಅದಕ್ಕೇ ಗಾಜಿನೊಳಗೆ ಇರುತ್ತಾಳೆ ಎಂದು ನೀನು ಹೇಳಿದ್ದೆಯಲ್ಲ, ಅವಳೇ. ಅವಳ ಕಣ್ಣು ಕೆಂಡ, ಬೆರಳು ನಮ್ಮ ಕಡೆಗೆ. ನಾನು ಬರೆದೆ: "ಮೂಲೇಲಿ ಕೂತು ಹೆಬ್ಬೆರಳು ಚೀಪಬೇಡ." ಅವಳು ಎರಡೂ ಕೈಯ ಬೆರಳುಗಳನ್ನು ಗಾಳಿಯಲ್ಲಿ ಹೆಣೆದಳು. ನಾನು ಬರೆದೆ: "ಗುಬ್ಬಿಗೆ ದಿನಾ ಜಡೆ ಹಾಕು." ಒಂದು ಕಂತಲ್ಲ, ಕೊನೆಯದೊಂದನ್ನು ಬಿಟ್ಟು ಎಲ್ಲ ಕಂತುಗಳನ್ನೂ ಬರೆದೆ. ಒಂದು ಮಾತಿಗೂ ತಡವರಿಸಲಿಲ್ಲ.

ಅಷ್ಟರಲ್ಲಿ ನನಗೆ ಜ್ವರ ಬಂದು ಮಲಗಿದೆ. ತರಕಾರಿಯ ಹೆಸರುಗಳಿದ್ದಿದ್ದರೆ ಯಾರಿಗಾದರೂ ಗೊತ್ತಾಗುತ್ತಿತ್ತು. ನನ್ನ ಸಾಲುಗಳು ನಿಜವಾದ ಮಾತಿನ ಹಾಗೇ ಇದ್ದವು. ಕೆಲಸ ಮುಗಿದಿದೆ ಎಂದುಕೊಂಡು ನಮ್ಮ ಮುಖ್ಯಸ್ಥೆ, ಹಳೆಯ ಚಿತ್ರಗಳ ಹುಚ್ಚಿರುವ ಒಂದಷ್ಟು ಮಂದಿಯನ್ನು ಕರೆದು ಮೊದಲ ಕಂತುಗಳನ್ನು ತೋರಿಸಿಯೇಬಿಟ್ಟರು. ನಾನು ಕಂಬಳಿ ಹೊದ್ದುಕೊಂಡು ಓಡಿಬಂದಾಗ ದೀಪ ಆರಿತ್ತು. ಹಿಂದಿನ ಸಾಲಿನಲ್ಲಿ ಕೂತೆ. ರಾಣಿ ಮುಷ್ಟಿ ಎತ್ತಿ ಗರ್ಜಿಸಿದಳು. ಬುಡದಲ್ಲಿ "ಹೊದಿಕೆ ಒದೀಬೇಡ, ನೆಗಡಿ ಆಗುತ್ತೆ" ಎಂದು ಬಂತು. ಜನ ಬಿದ್ದು ಬಿದ್ದು ನಕ್ಕರು. ಆದರೆ ಸ್ವಲ್ಪ ಹೊತ್ತಿಗೆ ನಗು ತಗ್ಗುತ್ತ ಬಂತು. ರಾಣಿ ಗಾಜಿಗೆ ಅಂಗೈ ಒತ್ತಿ "ನಿನ್ನ ಹಲ್ಲು ಬಿತ್ತಂತೆ, ಯಾವುದು, ತೋರಿಸು" ಎಂದಾಗ ಯಾರೂ ನಗಲಿಲ್ಲ. ಮುಂದಿನ ಸಾಲಿನಲ್ಲಿ ಒಬ್ಬ ಮುದುಕರು ಕನ್ನಡಕ ತೆಗೆದು ಒರೆಸಿಕೊಂಡರು.

ಶಬ್ದದ ಕೋಣೆಯಿಂದ ಕಿವಿಯಣ್ಣ ಗೋಡೆ ಹಿಡಿದುಕೊಂಡು ನಗುತ್ತ ಹೊರಬಂದರು. ಆ ಭಾಷೆ ಬಲ್ಲವರು ಅವರೊಬ್ಬರೇ. "ತಾಯಿ, ಅವಳು 'ನಿಮ್ಮ ನಗರಗಳನ್ನೆಲ್ಲ ಬೂದಿ ಮಾಡ್ತೀನಿ' ಅಂತಿದ್ದಾಳೆ. ನೀವು ನೋಡಿದ್ರೆ ನೆಗಡಿ ಔಷಧಿ ಕೊಡ್ತಿದ್ದೀರಿ" ಎಂದರು. ಬೆರಳು ಹೆಣೆಯುವುದು ಪ್ರಾಣ ಹೀರುವ ಕಿರಣವಂತೆ. ಡಬ್ಬಣ್ಣ ಹಸಿವು ಎಂದು ಒಮ್ಮೆಯೂ ಹೇಳಿಲ್ಲವಂತೆ, ಉದ್ದಕ್ಕೂ ಲೆಕ್ಕಾಚಾರ ವಿವರಿಸುತ್ತಾನಂತೆ. ಮುಖ್ಯಸ್ಥೆ ಮಾತ್ರ ನಗಲಿಲ್ಲ. "ಇದೇನು ಧಾರಾವಾಹಿನೋ, ನಿಮ್ಮ ಮನೆ ಪುರಾಣನೋ? ಊರಿಗೆಲ್ಲ ತೋರಿಸೋ ದಿನದೊಳಗೆ ಒಂದು ಸಾಲೂ ಉಳೀಬಾರದು" ಎಂದರು. ಅವರು ಹೇಳಿದ್ದು ಸರಿಯೇ. ಬೇರೆಯವರ ಬಾಯಿಗೆ ನಮ್ಮ ಮಾತು ತುರುಕುವ ಹಕ್ಕು ನಮಗಿಲ್ಲ.

ಹಾಗಾಗಿ ಈಗ ಅಳಿಸುತ್ತಿದ್ದೇನೆ. ಬೆಳಿಗ್ಗೆ ಹೋಗಿ ಕೂತು ಒಂದೊಂದೇ ಸಾಲು ಅಳಿಸಿ ರಾಣಿಗೆ ಅವಳ ಬೆಂಕಿ, ಬೂದಿಗಳನ್ನು ವಾಪಸು ಕೊಡುತ್ತಿದ್ದೇನೆ. ಹೀಗೆ ಅಳಿಸುವಾಗ ಒಂದು ಸಾಲಿನ ಮೇಲೆ ಕೈ ನಿಂತುಹೋಯಿತು. "ಅಡುಗೆಮನೆಯ ಮೇಲಿನ ಗೂಡು, ಬಿಸ್ಕತ್ತಿನ ಡಬ್ಬಿ, ಅದರೊಳಗೆ ನೀಲಿ ರಿಬ್ಬನ್." ನಿನಗೆ ನೆನಪಿರಲೇಬೇಕು. ರಾಣಿ ಅದನ್ನು ಹೇಳಿದ ಕೂಡಲೇ ನಾವು ಕೆಳಗೆ ಓಡಿ, ಸ್ಟೂಲಿನ ಮೇಲೆ ಸ್ಟೂಲು ಇಟ್ಟು ಡಬ್ಬಿ ಇಳಿಸಿದೆವು. ರಿಬ್ಬನ್ ಇತ್ತು! ಬೇರೆ ಗ್ರಹದವಳಿಗೆ ನಮ್ಮ ಅಡುಗೆಮನೆ ಗೊತ್ತು ಎಂದು ನಾನು ವಾರವೆಲ್ಲ ಬೀಗಿದೆ. ನೀನು ಅದನ್ನು ನನ್ನ ಜಡೆಗೆ ಕಟ್ಟಿದೆ. ನಿನ್ನ ಕೂದಲನ್ನು ಮಾತ್ರ ಯಾವಾಗಲೂ ಹೇಗೋ ಒಂದು ರಬ್ಬರ್ ಬ್ಯಾಂಡಿಗೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದೆ. ಅದು ದೊಡ್ಡ ಹುಡುಗಿಯರ ಫ್ಯಾಷನ್ ಎಂದು ನಾನು ಅಂದುಕೊಂಡಿದ್ದೆ.

ಆಮೇಲಿನದನ್ನು ಬರೆಯಲು ಕಷ್ಟವಾಗುತ್ತಿದೆ, ಆದರೂ ಬರೆಯುತ್ತೇನೆ. ನಾನು ಹೈಸ್ಕೂಲು ಸೇರಿದ ವರ್ಷ ಅತ್ತೆ ಮಾತಿನ ಭರದಲ್ಲಿ ಬಾಯಿಬಿಟ್ಟರು. ಅಮ್ಮ ಯಾವ ಕೆಲಸಕ್ಕೂ ಹೋಗಿರಲಿಲ್ಲ, ದೂರದ ಆಸ್ಪತ್ರೆಯಲ್ಲಿದ್ದಳು, ಅಲ್ಲೇ ತೀರಿಹೋದಳು. ಫಿಲಂ ಡಬ್ಬಿ ತರಲು ಎಂದು ಭಾನುವಾರ ಬೆಳಿಗ್ಗೆ ನೀನು ಅಪ್ಪನ ಜೊತೆ ಹೋಗುತ್ತಿದ್ದದ್ದು ಅಲ್ಲಿಗೆ. ಅಪ್ಪ "ಮುಂದೆ ಹೇಳೋಣ, ಮುಂದೆ ಹೇಳೋಣ" ಎಂದು ಮುಂದೂಡುತ್ತಲೇ ಹೋದರು. ನಾನು ಅಪ್ಪನ ಮೇಲೆ ಸಿಟ್ಟು ಮಾಡಲಿಲ್ಲ, ನಿನ್ನ ಮೇಲೆ ಮಾಡಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. "ನೀನು ಅವಳನ್ನ ನೋಡಿದೆ, ನನಗೆ ಸುಳ್ಳು ಹೇಳಿದೆ" ಎಂದು ಕೂಗಾಡಿ, ಅಪ್ಪ ಫಿಲಂ ಕತ್ತರಿಸುವ ಕತ್ತರಿಯಲ್ಲಿ ನನ್ನ ಜಡೆ ಕತ್ತರಿಸಿ ನಿನ್ನ ಮುಂದೆ ಎಸೆದೆ. ಇನ್ನು ಮೇಲೆ ನನ್ನ ತಲೆ ಮುಟ್ಟಬೇಡ ಎಂದೆ. ನೀನು ಮುಟ್ಟಲಿಲ್ಲ. ಅಂದಿನಿಂದ ಇಂದಿನವರೆಗೆ ನಮ್ಮದು ಊಟ ಆಯ್ತಾ, ಆಯ್ತು.

ಈಗ ಆ ಸಾಲಿನ ಮುಂದೆ ಕೂತಾಗ ಹೊಳೆಯಿತು. ಬೆಳಿಗ್ಗೆ ನೀನು ಆಸ್ಪತ್ರೆಗೆ ಹೋಗುತ್ತಿದ್ದ ದಿನವೂ ಭಾನುವಾರ, ಸಂಜೆ ರಾಣಿ ಮಾತಾಡುತ್ತಿದ್ದ ದಿನವೂ ಭಾನುವಾರ. ಅಕ್ಕಾ, ಆ ಮಾತುಗಳು ಅಮ್ಮನವಾ? ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದ ಹಾಗೆ, ಅಮ್ಮ ನನಗೆ ಒಂದು ಮಾತೂ ಬಿಟ್ಟುಹೋಗಲಿಲ್ಲ ಎಂದು ನಾನು ಇಷ್ಟು ವರ್ಷ ಅತ್ತೆನಾ?

ಇನ್ನು ಆ ಪ್ರಶ್ನೆ. ಕೊನೆಯ ಕಂತನ್ನು ನಾವು ಪೂರ್ತಿ ನೋಡಲಿಲ್ಲ. ರಾಣಿಯ ಮುಖ ಕಿಟಕಿ ತುಂಬ ಬಂದಾಗಲೇ ಡಾಕ್ಟರ ಹೆಂಡತಿ ಕರ್ಟನ್ ಎಳೆದರು. ಆಮೇಲೇನಾಯಿತು, ಅವಳು ಏನು ಹೇಳಿದಳು ಎಂದು ನಾನು ನಿನ್ನ ತೋಳು ಹಿಡಿದು ಅಲುಗಾಡಿಸಿದೆ. ನೀನು ಮೊದಲ ಸಲ ಏನೂ ಹೇಳಲಿಲ್ಲ. ನನ್ನನ್ನು ಕೆಳಗೆ ಕರೆದುಕೊಂಡು ಹೋಗಿ ಜಡೆ ಬಿಚ್ಚಿ ಮತ್ತೆ ಹಾಕಿದೆ. ಮಲಗುವ ಹೊತ್ತಿಗೆ ಯಾಕೆ ಜಡೆ ಎಂದು ಕೇಳಿದರೂ ನೀನು ಹೆಣೆಯುತ್ತಲೇ ಇದ್ದೆ.

ಮೊನ್ನೆ ಆ ದೃಶ್ಯ ನೋಡಿದೆ. ರಾಣಿ ಬೆರಳು ಹೆಣೆಯುತ್ತಾಳೆ. ನೇರವಾಗಿ ನಮ್ಮ ಕಡೆ ನೋಡಿ ಏನೋ ಹೇಳುತ್ತಾಳೆ. ಆಮೇಲೆ ಕೈ ಎತ್ತಿ ತನ್ನ ತಲೆಯ ಕಿರೀಟ ಮುಟ್ಟಿಕೊಳ್ಳುತ್ತಾಳೆ, ಬೆಳಕು ಕಂದುತ್ತದೆ. ಕಿವಿಯಣ್ಣ ಆ ತುಂಡನ್ನು ತೊಳೆದರು, ಒಣಗಿಸಿದರು, ಕಿವಿಗೊಟ್ಟರು. ಶಬ್ದದ ಪಟ್ಟಿ ಪೂರ್ತಿ ಹಳಸಿಹೋಗಿದೆ. ಅವಳ ಕೊನೆಯ ಮಾತು ಲೋಕದಲ್ಲಿ ಯಾರಿಗೂ ಗೊತ್ತಿಲ್ಲ. ಮುಖ್ಯಸ್ಥೆ ಆ ಜಾಗ ಖಾಲಿ ಬಿಡು ಎಂದಿದ್ದಾರೆ. ನನ್ನ ಬೆರಳುಗಳೂ ಅಲ್ಲಿ ಏನೂ ಬರೆಯಲಿಲ್ಲ, ಯಾಕೆಂದರೆ ನೀನು ಹೇಳಿಲ್ಲ. ಅವಳು ಏನು ಹೇಳಿದಳು ಅಕ್ಕಾ?

ಗುರುವಾರ ಸಂಜೆ ನಮ್ಮ ಚಿಕ್ಕ ತೋರುಕೋಣೆ ಖಾಲಿ ಇರುತ್ತದೆ. ಸಬ್‌ಟೈಟಲ್ ಇಲ್ಲದೆ, ಸದ್ದು ಆರಿಸಿ, ನಾವಿಬ್ಬರೇ ನೋಡಬಹುದು. ನಿನಗೆ ಬಿಡುವಿದ್ದರೆ ಮಾತ್ರ. ನಿಲ್ದಾಣದಲ್ಲಿ ರೈಲುಗಳಿಗೆಲ್ಲ ನೀನೇ ಹೊತ್ತು ಹೇಳಬೇಕು, ಗೊತ್ತು.

ಇತಿ,
ನಿನ್ನ ತಂಗಿ

ಮರೆತ ಮಾತು: ನಾನು ಆಗಾಗ ನಿನ್ನ ನಿಲ್ದಾಣಕ್ಕೆ ಬರುತ್ತೇನೆ. ರೈಲು ಹಿಡಿಯಲು. ಅಲ್ಲಿ ಮೈಕಿನಲ್ಲಿ ನಿನ್ನ ದನಿ ಕೇಳುತ್ತದೆ. ಹೋಗಲಿ ಬಿಡು, ಯಾವ ರೈಲೂ ಹಿಡಿಯುವುದಿಲ್ಲ. ಕೂದಲು ಈಗ ಹೆಗಲವರೆಗೆ ಬಂದಿದೆ.

*

ಮಂಗಳವಾರ, ಪಾಳಿ ಮುಗಿದ ಮೇಲೆ

ಗುಬ್ಬೀ,

ನಾನು "ಪ್ರೀತಿಯ" ಎಂದು ಬರೆಯುವುದೂ ಇಲ್ಲ, ಹೊಡೆಯುವುದೂ ಇಲ್ಲ. ಗುಬ್ಬಿ ಅಂದರೆ ಅದರೊಳಗೆ ಎಲ್ಲ ಬಂತು. ಕೆಲಸದ ವಿಷಯಕ್ಕೆ ಇಷ್ಟುದ್ದ ಪತ್ರ ಬರೆಯುವವಳು ಪ್ರೀತಿಗೆ ಬರೆದರೆ ಅಂಚೆಯವರು ಗಾಡಿ ಕಟ್ಟಬೇಕಾದೀತು.

ಮೊದಲು ರಾಣಿಗೆ ನನ್ನ ಪರವಾಗಿ ಕ್ಷಮೆ ಕೇಳು. ನಗರಗಳನ್ನು ಬೂದಿ ಮಾಡುವ ಹೆಂಗಸನ್ನು ಹಿಡಿದು ನಮ್ಮ ಮನೆಗೆಲಸಕ್ಕೆ ಹಚ್ಚಿದೆ, ಪಾಪ. ಅವಳ ಶಾಪಗಳನ್ನೆಲ್ಲ ಲೆಕ್ಕ ತಪ್ಪದೆ ಹಿಂದಿರುಗಿಸಿಬಿಡು. ಡಬ್ಬಣ್ಣನ ಹಸಿವು ಮಾತ್ರ ಅವನದಲ್ಲ, ನನ್ನದು. ಸಂಜೆ ಹೊತ್ತಿಗೆ ನನಗೆ ಯಾವಾಗಲೂ ಹಸಿವಾಗುತ್ತಿತ್ತು, ಇರುವುದನ್ನು ನಿನಗೆ ಉಳಿಸಬೇಕಿತ್ತು. ನನಗೆ ಹಸಿವು ಎಂದರೆ ನೀನು ನಿನ್ನ ಪಾಲು ತಂದು ಬಾಯಿಗೆ ಇಡುತ್ತಿದ್ದೆ. ಡಬ್ಬಣ್ಣ ಹೇಳಿದರೆ ಯಾರಿಗೂ ತೊಂದರೆ ಇರಲಿಲ್ಲ.

ಆ ಮಾತುಗಳು ಅಮ್ಮನವಾ ಎಂದು ನೀನು ಕೇಳಿದ್ದಕ್ಕೆ ಹೌದು ಎನ್ನಲೂ ಆಗುವುದಿಲ್ಲ, ಇಲ್ಲ ಎನ್ನಲೂ ಆಗುವುದಿಲ್ಲ. ಹೇಳುತ್ತೇನೆ ಕೇಳು. ಆ ಆಸ್ಪತ್ರೆಯ ಒಳಗೆ ಮಕ್ಕಳನ್ನು ಬಿಡುತ್ತಿರಲಿಲ್ಲ. ಅಪ್ಪ ಒಳಗೆ ಹೋಗುತ್ತಿದ್ದರು, ನಾನು ಕ್ರೋಟನ್ ಗಿಡಗಳ ಹತ್ತಿರ ಬೆಂಚಿನ ಮೇಲೆ. ಮೇಲಿನ ಮಹಡಿಯ ಕಿಟಕಿಗೆ ಅಮ್ಮ ಬಂದು ನಿಲ್ಲುತ್ತಿದ್ದಳು. ಗಾಜು ತೆರೆಯುವ ಹಾಗಿರಲಿಲ್ಲ. ಅವಳು ಮಾತಾಡುತ್ತಿದ್ದಳು, ಗುಬ್ಬಿ, ಬಹಳ ಮಾತಾಡುತ್ತಿದ್ದಳು. ನನಗೆ ಒಂದು ಸದ್ದೂ ಕೇಳಿಸುತ್ತಿರಲಿಲ್ಲ. ಬಾಯಿ ನೋಡಿ, ಕೈ ನೋಡಿ ಊಹಿಸಿಕೊಳ್ಳುತ್ತಿದ್ದೆ. ಬಾಯಲ್ಲಿ ಹೆಬ್ಬೆರಳು ಇಟ್ಟು ತಲೆಯಾಡಿಸಿದರೆ ನೀನು ಚೀಪುವುದು ಬಿಟ್ಟೆಯಾ ಎಂದು. ಕತ್ತಿನವರೆಗೆ ಕೈ ಎಳೆದುಕೊಂಡರೆ ಹೊದಿಕೆ. ಡಾಕ್ಟರ ಕಿಟಕಿಯ ಮುಂದೆ ಕೂತು ಗಾಜಿನಾಚೆಯ ಬಾಯಿಗಳಿಗೆ ಮಾತು ಕೊಡಲು ನನಗೆ ಕಷ್ಟವೇ ಆಗಲಿಲ್ಲ, ಬೆಳಿಗ್ಗೆ ಅದೇ ಪಾಠ ಆಗಿರುತ್ತಿತ್ತು. ಒಂದು ದಿನ ನೋಡಿದರೆ ಆ ರಾಣಿಯೂ ಗಾಜಿನೊಳಗೆ, ಅವಳೂ ಬೆರಳು ಹೆಣೆಯುತ್ತಿದ್ದಾಳೆ. ಅಮ್ಮ ಪ್ರತಿ ಸಲ ಹೋಗುವಾಗ ಗಾಳಿಯಲ್ಲಿ ಹಾಗೇ ಬೆರಳು ಹೆಣೆದು, ಸೊಂಟದೆತ್ತರಕ್ಕೆ ಅಂಗೈ ಇಟ್ಟು ನಿನ್ನ ಎತ್ತರ ತೋರಿಸುತ್ತಿದ್ದಳು. ಗುಬ್ಬಿಗೆ ಜಡೆ ಹಾಕು ಎಂದು. ನಾನು ಇನ್ನೇನು ಮಾಡಲಿ? ಹೇಳಬಾರದೆಂದು ಅಪ್ಪನಿಗೆ ಮಾತು ಕೊಟ್ಟಿದ್ದೆ. ನಿನ್ನ ಪಾಲಿನದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿರಲೂ ಆಗುತ್ತಿರಲಿಲ್ಲ.

ಒಂದು ಸಲ ಅವಳು ಗಾಜಿಗೆ ಬಾಯಿಯ ಹಬೆ ಕೊಟ್ಟು ಬೆರಳಿನಲ್ಲಿ ಒಂದು ಗಂಟು ಬರೆದಳು. ಆಕಾಶ ತೋರಿಸಿದಳು. ಎತ್ತರಕ್ಕೆ ಕೈ ಮಾಡಿದಳು. ಮಧ್ಯಾಹ್ನವೆಲ್ಲ ಮನೆಯ ಎತ್ತರದ ಜಾಗಗಳನ್ನು ತಡಕಾಡಿದೆ. ನೀಲಿ ರಿಬ್ಬನ್ ಬಿಸ್ಕತ್ತಿನ ಡಬ್ಬಿಯಲ್ಲಿ ಸಿಕ್ಕಿತು. ಮತ್ತೆ ಅಲ್ಲೇ ಇಟ್ಟು, ಸಂಜೆ ರಾಣಿಯ ಕೈಯಲ್ಲಿ ಹೇಳಿಸಿದೆ. ನೀನು ರಿಬ್ಬನ್ ಹಿಡಿದು ಕುಣಿಯುತ್ತಿದ್ದಾಗ ನನಗೆ ಆಗುತ್ತಿದ್ದ ಸಂತೋಷ ಬೇರೆ. ಹಾಗಾದರೆ ನಾನು ಊಹಿಸಿದ್ದು ಸರಿ, ಮಿಕ್ಕ ಮಾತುಗಳೂ ಅವಳವೇ ಇರಬೇಕು ಎಂದುಕೊಂಡೆ. ಇವತ್ತಿಗೂ ಹಾಗೇ ನಂಬಿದ್ದೇನೆ. ಅಲ್ಲ ಎಂದು ಹೇಳಲು ಯಾವ ಕಿವಿಯಣ್ಣನೂ ಇಲ್ಲ.

ಕೊನೆಯ ಕಂತಿನ ಆ ಭಾನುವಾರ ಬೆಳಿಗ್ಗೆ ನಾವು ಹೋದಾಗ ಅಮ್ಮನ ಕಿಟಕಿಗೆ ಕರ್ಟನ್ ಎಳೆದಿತ್ತು. ಅಪ್ಪ ಒಳಗೆ ಹೋಗಿ ಬಂದು ನನ್ನ ಪಕ್ಕ ಬೆಂಚಿನ ಮೇಲೆ ಕೂತರು. ಅಮ್ಮ ಇಲ್ಲ ಎಂದು ನನಗೆ ಅಷ್ಟರಲ್ಲೇ ತಿಳಿದಿತ್ತು. ಸಂಜೆ ನೀನು ಹಟ ಮಾಡಿದೆ ಎಂದು ತಾರಸಿಗೆ ಬಂದೆ. ರಾಣಿಯ ಮುಖ ಬಂತು. ನಾನು ಬಾಯಿ ತೆರೆದೆ, ಏನು ಹೇಳಿಸಲಿ ಎಂದು ತಿಳಿಯಲಿಲ್ಲ. ಅಷ್ಟರಲ್ಲಿ ಡಾಕ್ಟರ ಹೆಂಡತಿಯೂ ಕರ್ಟನ್ ಎಳೆದರು. ಬೆಳಿಗ್ಗೆ ಎಳೆದದ್ದೇ ಸಂಜೆಯೂ ಎಳೆದಂತೆ ಅನ್ನಿಸಿತು. ನನ್ನ ಹತ್ತಿರ ಬೇರೇನೂ ಉಳಿದಿರಲಿಲ್ಲ, ಅದಕ್ಕೇ ನಿನ್ನ ಜಡೆ ಹಾಕಿದೆ.

ನೀನು ಜಡೆ ಕತ್ತರಿಸಿದ ದಿನ ಬಹಳ ನೋವಾಯಿತು. ಇದನ್ನೆಲ್ಲ ಅಂದೇ ಹೇಳಬಹುದಿತ್ತು ಎನ್ನುತ್ತೀಯ. ಹೇಳಿದರೆ ರಾಣಿಯೂ ಹೋಗುತ್ತಿದ್ದಳು. ಒಂದೇ ವಾರದಲ್ಲಿ ಇಬ್ಬರು ತಾಯಂದಿರನ್ನು ಕಳೆದುಕೊಳ್ಳುವ ವಯಸ್ಸೇ ಅದು?

ಇನ್ನು ನಿನ್ನ ರೈಲು ಹಿಡಿಯುವ ನಾಟಕ. ನಾನು ಕೂರುವ ಕೋಣೆಗೂ ಗಾಜಿನ ಗೋಡೆ ಇದೆ, ಪೆದ್ದಿ. ಟೀ ಅಂಗಡಿಯ ಪಕ್ಕದ ಕಂಬದ ಹಿಂದೆ ನೀನು ನಿಲ್ಲುವುದು ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ರೈಲುಗಳ ಹೊತ್ತು ಹೇಳಿ ಮುಗಿಸಿ, ಮೈಕ್ ಆರಿಸಿ, ಎಷ್ಟೋ ಸಲ ನಿನ್ನ ಜೊತೆ ಮಾತಾಡಿದ್ದೇನೆ. ಸ್ವೆಟರ್ ಹಾಕ್ಕೊ ಎಂದಿದ್ದೇನೆ. ಸೊರಗಿದ್ದೀಯ ಎಂದಿದ್ದೇನೆ. ನೀನು ತಲೆ ಎತ್ತಿ ನೋಡಲಿಲ್ಲ.

ಗುರುವಾರ ಬರುತ್ತೇನೆ. ಪಾಳಿ ಬದಲಾಯಿಸಿಕೊಂಡಾಯಿತು. ಚಾಪೆ ಇರುವುದಿಲ್ಲ, ಕುರ್ಚಿಯಲ್ಲೇ ಕೂರೋಣ. ಕಿವಿಯ ಹತ್ತಿರ ಮಾತ್ರ ಜಾಗ ಬಿಟ್ಟುಕೊಂಡು ಕೂರು.

ನಿನ್ನ
ಅಕ್ಕ

ಬರೆಯದೆ ಬಿಡೋಣ ಎಂದುಕೊಂಡಿದ್ದ ಮಾತು: ಆ ಖಾಲಿ ಜಾಗವನ್ನು ಊರಿಗೆ ಖಾಲಿಯಾಗಿಯೇ ಬಿಡು. ನಿನಗೆ ಮಾತ್ರ ಹೇಳುತ್ತೇನೆ. ನಾನು ಅಮ್ಮನನ್ನು ಕೊನೆಯ ಸಲ ನೋಡಿದ ಭಾನುವಾರ ಅವಳು ಎಂದಿನಂತೆ ಬೆರಳು ಹೆಣೆದಳು, ನಿನ್ನ ಎತ್ತರ ತೋರಿಸಿದಳು. ನಾನು ಹೂಂ ಎಂದು ತಲೆಯಾಡಿಸಿದೆ. ಅವಳು ಅಲ್ಲಿಗೆ ನಿಲ್ಲಿಸಲಿಲ್ಲ. ನನ್ನ ಕಡೆ ಬೆರಳು ಮಾಡಿ, ಕೈಯನ್ನು ತನ್ನ ತಲೆಯ ಮೇಲಿಟ್ಟು ಏನೋ ಕೇಳಿದಳು, ನಿನ್ನ ರಾಣಿ ಕಿರೀಟ ಮುಟ್ಟಿಕೊಂಡಂತೆಯೇ. ಅದು ನಿನ್ನ ಪಾಲಿನ ಮಾತಾಗಿರಲಿಲ್ಲ, ನನ್ನದು. ಅದಕ್ಕೇ ಯಾವ ಕಂತಿನಲ್ಲೂ ಹೇಳಿಸಲಿಲ್ಲ. "ನಿನ್ನ ಜಡೆ ಯಾರು ಹಾಕ್ತಾರೆ?" ಎಂದು ಕೇಳಿದಳು, ಗುಬ್ಬಿ. ನಾನು ನನ್ನ ರಬ್ಬರ್ ಬ್ಯಾಂಡ್ ಮುಟ್ಟಿಕೊಂಡೆ. ಈಗ ನನ್ನ ಕೂದಲು ಅರ್ಧ ಬಿಳಿಯಾಗಿದೆ, ಆದರೂ ಉದ್ದ ಇದೆ. ಗುರುವಾರ ಬಾಚಣಿಗೆ ತರುತ್ತೇನೆ.